ಅಗ್ಗದ ಲ್ಯಾಪ್‌ಟಾಪ್: ಕೈಹಾಕಿ ನೋಡಲಾಗದ ಚೀಲ

ಪ್ರವಾದಿ ಮುಹಮ್ಮದ್(ಸ)ರವರು ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುತ್ತಿದ್ದರು. ರಾಶಿಯೊಳಗೆ ಕೈಯಿಳಿಸಿ ನೋಡಿದಾಗ ಬೆರಳುಗಳಿಗೆ ತೇವ ತಾಗಿತು. ಇದೇನೆಂದು ವಿಚಾರಿಸಲಾಗಿ, ಮಳೆಗೆ ನೆನೆದಿದೆಯೆಂದು ವರ್ತಕ ತಿಳಿಸಿದ. ಹಾಗಿದ್ದರೆ ನೆನೆದುದನ್ನು ಜನರ ಕಣ್ಣಿಗೆ ಕಾಣುವಂತೆ ಮೇಲೆಯೇ ಇಡಬಾರದಿತ್ತೇ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿ, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂಬ ಅರ್ಥದ ಎಚ್ಚರಿಕೆ ಕೊಟ್ಟರು. ಅಬೂ ಹುರೈರಾ(ರ)ರವರು ವರದಿ ಮಾಡಿದ ಈ ಘಟನೆ ಸಹೀಹ್ ಮುಸ್ಲಿಮ್ ಗ್ರಂಥದಲ್ಲಿದೆ. ಇಲ್ಲಿ ನಾವು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಆ ವರ್ತಕ ಸುಳ್ಳು ಹೇಳಿರಲಿಲ್ಲ. ಕೇಳಿದಾಗ ನಿಜವನ್ನೇ ಹೇಳಿದ. ಕೇಳುವ ತನಕ ಸುಮ್ಮನಿದ್ದ, ಅಷ್ಟೆ. ಆ ಮೌನವೇ ವಂಚನೆಯೆಂದು ಪರಿಗಣಿತವಾಯಿತು.

ಹಾವೇರಿ ಜಿಲ್ಲೆಯವರಾದ ನಮಗೆ ಈ ಹದೀಸನ್ನು ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಕರೆದೊಯ್ದು ನಿಲ್ಲಿಸಿದರೆ ಸಾಕು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ, 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಕೊಳ್ಳುವ ವ್ಯಾಪಾರಿ, ಚೀಲದ ಮೇಲಿನ ಕಾಯಿಗಳನ್ನು ನೋಡಿ ಬೆಲೆ ಬರೆಯುವುದಿಲ್ಲ. ಮೊಣಕೈಯವರೆಗೆ ಕೈಯನ್ನು ಒಳಗಿಳಿಸಿ ಅಡಿಯಿಂದ ಒಂದು ಹಿಡಿ ಎತ್ತುತ್ತಾನೆ. ಹಿಚುಕಿ ತೇವ ನೋಡುತ್ತಾನೆ, ಮುರಿದು ಬಣ್ಣ ನೋಡುತ್ತಾನೆ. ಡಬ್ಬಿಯೋ ಕಡ್ಡಿಯೋ, ಈ ವರ್ಷದ್ದೋ ಶೀತಲಗೃಹದಲ್ಲಿದ್ದ ಹಳೆಯ ಮಾಲೋ ಎಂಬುದನ್ನು ಅವನ ಬೆರಳುಗಳೇ ಹೇಳುತ್ತವೆ.

ಆದರೆ ಇಂದು ನಮ್ಮ ಮನೆಗಳಿಗೆ ಬರುತ್ತಿರುವ ಒಂದು ಸರಕಿದೆ. ಅದರ ಚೀಲದೊಳಗೆ ಯಾರೂ ಕೈಹಾಕಿ ನೋಡಲಾರರು. ಅದೇ ಹದಿನೈದರಿಂದ ಇಪ್ಪತ್ತೈದು ಸಾವಿರ ರೂಪಾಯಿಯೊಳಗೆ ಸಿಗುವ ಅಗ್ಗದ ಲ್ಯಾಪ್‌ಟಾಪ್. ಮುಚ್ಚಿದ ರಟ್ಟಿನ ಪೆಟ್ಟಿಗೆ, ಹೊಳೆಯುವ ಮುಚ್ಚಳ, ಮೇಲೆ ಆಂಗ್ಲ ಅಕ್ಷರಗಳಲ್ಲಿ ಒಂದಷ್ಟು ಸಂಖ್ಯೆಗಳು. ಒಳಗೆ ತೇವವಿದೆಯೋ ಇಲ್ಲವೋ ಎಂಬುದು ಕೊಂಡವರಿಗೆ ತಿಂಗಳುಗಳು ಕಳೆದ ಮೇಲೆ ತಿಳಿಯುತ್ತದೆ. ಹೀಗಿರುವಾಗ, ಕೊಳ್ಳಲು ಹೊರಟವರಿಗೆ ಉಳಿಯುವ ಏಕೈಕ ಕೈಯೆಂದರೆ ಮೊದಲೇ ಬಳಸಿದವರ ಮಾತು. ಆ ಮಾತನ್ನು ಮುಚ್ಚಿಡದೆ, ಹಿಗ್ಗಿಸದೆ, ಕುಗ್ಗಿಸದೆ ಹೇಳುವುದು ಒಂದು ಅಮಾನತ್ ಎಂಬ ಭಾವನೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೂರು ಊರು, ಮೂರು ಯಂತ್ರ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲು ಮಾರ್ಗದ ಮೇಲಿರುವ ಊರುಗಳು. ಈ ಮೂರೂ ಊರುಗಳಲ್ಲಿ ನಮ್ಮ ಬಂಧುಬಳಗವಿದೆ, ಮೂರೂ ಕಡೆ ಇಂತಹ ಒಂದೊಂದು ಯಂತ್ರವನ್ನು ನಾವು ಹತ್ತಿರದಿಂದ ಬಲ್ಲೆವು.

ಮೊದಲನೆಯದು ಹಾವೇರಿಯಲ್ಲಿ ನಮ್ಮದೇ. 2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಶಾಲೆಗಳು ಮುಚ್ಚಿದ್ದಾಗ, 22,500 ರೂಪಾಯಿಗೆ ಕೊಂಡೆವು. ಎರಡನೆಯದು ಬ್ಯಾಡಗಿಯಲ್ಲಿ ನಮ್ಮ ಖಾಲಾರವರ ಮೊಮ್ಮಗಳದು. ಬಿ.ಕಾಂ. ಓದುತ್ತಿದ್ದ ಆಕೆಗಾಗಿ 2023ರಲ್ಲಿ 18,000 ರೂಪಾಯಿಗೆ ತಂದದ್ದು. ತಂದೆ ಸರಕು ಸಾಗಿಸುವ ಆಟೋ ಓಡಿಸುತ್ತಾರೆ. ತಾಯಿ ಹಂಗಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಆ ಹಣದಲ್ಲಿ ತಾಯಿಯ ಎರಡು ಹಂಗಾಮಿನ ಉಳಿತಾಯವಿತ್ತು. ಮೂರನೆಯದು ರಾಣೇಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಹಳೆಯ ವಿದ್ಯಾರ್ಥಿಯದು. ಆತ ಹೊಸದನ್ನು ಕೊಳ್ಳದೆ, ದೊಡ್ಡ ಕಚೇರಿಯೊಂದು ಬಳಸಿ ಬಿಟ್ಟುದನ್ನು ದುರಸ್ತಿ ಮಾಡಿ ಮಾರುವವರಿಂದ 2024ರಲ್ಲಿ 17,000 ರೂಪಾಯಿಗೆ ಕೊಂಡಿದ್ದಾನೆ.

ಮೂವರೂ ನಗದು ಕೊಟ್ಟೇ ಕೊಂಡವರು. ತಿಂಗಳ ಕಂತಿನಲ್ಲಿ ಮೂವತ್ತೈದು ನಲವತ್ತು ಸಾವಿರದ ಉತ್ತಮ ಯಂತ್ರ ಒಯ್ಯಿರೆಂದು ಅಂಗಡಿಯವರು ಒತ್ತಾಯಿಸಿದ್ದುಂಟು. ಬಡ್ಡಿಯ ಸೋಂಕು ಮನೆಗೆ ಬೇಡವೆಂಬುದು ಮೂರೂ ಮನೆಗಳ ನಿರ್ಧಾರವಾಗಿತ್ತು. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ. ನಮ್ಮ ಸಮುದಾಯದ ಅನೇಕ ಕುಟುಂಬಗಳು ಅಗ್ಗದ ವಸ್ತುವನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಕೈಯಲ್ಲಿರುವಷ್ಟರಲ್ಲೇ ಕೊಳ್ಳಬೇಕಾದವರಿಗೆ ಒಮ್ಮೆ ಮಾಡಿದ ಆಯ್ಕೆಯನ್ನು ಬದಲಾಯಿಸುವ ಅವಕಾಶ ಕಡಿಮೆ. ಆದ್ದರಿಂದಲೇ ಅವರಿಗೆ ನಿಜ ಮೊದಲೇ ತಿಳಿಯಬೇಕು.

ಅದು ಕೊಟ್ಟದ್ದೆಷ್ಟು

ಕೊರತೆಗಳನ್ನು ಹೇಳುವ ಮುನ್ನ ಉಪಕಾರವನ್ನು ನೆನೆಯುವುದು ಶಿಷ್ಟಾಚಾರ. ನಮ್ಮ ಆ ಪುಟ್ಟ ಯಂತ್ರ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಮ್ಮೊಡನೆ ದುಡಿಯಿತು. ಕನ್ನಡ ಪಾಠ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಸಂಜೆಯ ದೀನಿ ತರಗತಿಯ ಹಾಜರಿ ಪಟ್ಟಿ, ಜಮಾಅತಿನ ಲೆಕ್ಕಪತ್ರ ಎಲ್ಲವೂ ಅದರಲ್ಲೇ ಸಿದ್ಧವಾದವು. ರಾಜ್ಯ ವಿದ್ಯಾರ್ಥಿವೇತನ ಜಾಲತಾಣಕ್ಕೆ ಹಗಲಿನಲ್ಲಿ ಪ್ರವೇಶ ಸಿಗದಿದ್ದಾಗ, ಇಶಾ ನಮಾಜಿನ ಬಳಿಕ ಕುಳಿತು ನೆರೆಹೊರೆಯ ಹತ್ತಾರು ಮಕ್ಕಳ ಅರ್ಜಿಗಳನ್ನು ತುಂಬಿದ್ದೂ ಅದರಲ್ಲೇ. ಬೆರಳಗಲದ ಮೊಬೈಲ್ ಪರದೆಯಲ್ಲಿ ಆ ಕೆಲಸ ಮಾಡಿದವರಿಗೆ ಕೀಲಿಮಣೆಯ ಬೆಲೆ ಗೊತ್ತು.

ಅದರೊಳಗೆ ಫ್ಯಾನ್ ಇರಲಿಲ್ಲ. ಅಗ್ಗದ ಪ್ರೊಸೆಸರ್‌ಗಳು ಕಡಿಮೆ ವಿದ್ಯುತ್ ಬಳಸಿ ಕಡಿಮೆ ಬಿಸಿಯಾಗುವುದರಿಂದ ಫ್ಯಾನಿನ ಅಗತ್ಯವಿಲ್ಲ. ಇದನ್ನು ಕೊರತೆಯೆಂದು ಕೆಲವರು ಹೇಳಿದರು, ಆದರೆ ಬ್ಯಾಡಗಿಯ ಮನೆಯಲ್ಲಿ ಇದೇ ಅನುಗ್ರಹವಾಯಿತು. ಹಂಗಾಮಿನಲ್ಲಿ ಅಲ್ಲಿಯ ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು ಮತ್ತು ಧೂಳು ತೇಲುತ್ತಿರುತ್ತದೆ. ಫ್ಯಾನ್ ಇರುವ ಯಂತ್ರಗಳು ಅದನ್ನು ಒಳಗೆಳೆದುಕೊಂಡು ಕೆಡುತ್ತವೆ. ಬ್ಯಾಟರಿಯೂ ಹೊಸದರಲ್ಲಿ ಐದಾರು ತಾಸು ಬರುತ್ತಿತ್ತು. ಕರೆಂಟ್ ಹೋದಾಗ ಮನೆಯ ದೀಪ ಆರಿದರೂ ಪಾಠ ನಿಲ್ಲುತ್ತಿರಲಿಲ್ಲ. ಇಷ್ಟನ್ನು ಹೇಳದೆ ದೂರು ಮಾತ್ರ ಹೇಳಿದರೆ ಅದೂ ಅಳತೆಯಲ್ಲಿ ಮಾಡಿದ ಮೋಸವೇ ಆದೀತು.

ರೆಹಲ್ ಮತ್ತು ಕಪಾಟು

ಪೆಟ್ಟಿಗೆಯ ಮೇಲಿನ ಸಂಖ್ಯೆಗಳು ಏನನ್ನು ಹೇಳುತ್ತವೆಂಬುದನ್ನು ನಮ್ಮ ತಾಯಂದಿರಿಗೂ ಅರ್ಥವಾಗುವಂತೆ ತಿಳಿಸೋಣ. ಮದರಸಾದಲ್ಲಿ ಓದುವ ಹುಡುಗನ ಮುಂದೆ ಒಂದು ರೆಹಲ್ ಇರುತ್ತದೆ, ಗೋಡೆಯ ಬಳಿ ಒಂದು ಕಪಾಟು ಇರುತ್ತದೆ. ಕಿತಾಬುಗಳೆಲ್ಲ ಕಪಾಟಿನಲ್ಲಿ ಇರುತ್ತವೆ, ಓದಲು ತೆಗೆದದ್ದು ಮಾತ್ರ ರೆಹಲಿನ ಮೇಲೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಂಬುದು ರೆಹಲ್, ಸ್ಟೋರೇಜ್ ಎಂಬುದು ಕಪಾಟು. ರೆಹಲ್ ಚಿಕ್ಕದಾದರೆ ಎರಡನೇ ಕಿತಾಬನ್ನು ಬಿಡಿಸಲು ಮೊದಲನೆಯದನ್ನು ಮಡಚಿ ಎದ್ದುಹೋಗಿ ಕಪಾಟಿನಲ್ಲಿಟ್ಟು ಬರಬೇಕು. ಯಂತ್ರ ನಿಧಾನವಾಯಿತೆಂದು ನಾವು ಹೇಳುವುದು ಬಹುಮಟ್ಟಿಗೆ ಈ ಎದ್ದು ಕೂರುವಿಕೆಯನ್ನೇ.

ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುತ್ತದೆ. ವಿಂಡೋಸ್ 11 ನಡೆಯಲು ಬೇಕೆಂದು ಅದನ್ನು ತಯಾರಿಸಿದ ಕಂಪನಿ ಹೇಳಿರುವ ಕನಿಷ್ಠ ಪ್ರಮಾಣವೂ ಇಷ್ಟೇ: 4 ಜಿಬಿ ಮತ್ತು 64 ಜಿಬಿ. ಅಂದರೆ ಬದುಕಲು ಬೇಕಾದಷ್ಟು ಗಂಜಿ ಇದೆ, ದುಡಿಯಲು ಬೇಕಾದಷ್ಟು ಊಟವಿಲ್ಲ. ಇನ್ನೊಂದು ಸಂಗತಿ, ಆ 64 ಜಿಬಿ ಬಹುತೇಕ ಇಎಂಎಂಸಿ ಎಂಬ ಬಗೆಯದಾಗಿರುತ್ತದೆ. ಇದು ಮೊಬೈಲಿನಲ್ಲಿರುವಂಥ ಸಣ್ಣ ಚಿಪ್ಪು, ಎಸ್‌ಎಸ್‌ಡಿಗಿಂತ ತುಂಬ ನಿಧಾನ. ಯಂತ್ರದ ಮುಖ್ಯ ಹಲಗೆಗೇ ಬೆಸುಗೆ ಹಾಕಿರುವುದರಿಂದ, ಮುಂದೆ ಹಣ ಕೂಡಿದಾಗ ತೆಗೆದು ದೊಡ್ಡದು ಹಾಕೋಣವೆಂದರೆ ಆಗದು. ಅದು ಕೆಟ್ಟರೆ ಹಲಗೆಯನ್ನೇ ಬದಲಾಯಿಸಬೇಕಾಗುತ್ತದೆ.

ಮೂರನೆಯದು ಎಸ್ ಮೋಡ್. ಕೆಲವು ಯಂತ್ರಗಳು ಈ ಕಟ್ಟುಪಾಡಿನೊಂದಿಗೆ ಬರುತ್ತವೆ. ಕಂಪನಿಯ ಸ್ವಂತ ಮಳಿಗೆಯಲ್ಲಿ ದೊರೆಯುವ ತಂತ್ರಾಂಶ ಬಿಟ್ಟು ಬೇರೆ ಯಾವುದನ್ನೂ ಅವು ಒಪ್ಪವು. ನಾವು ಕೊಂಡ ದಿನವೇ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹಾಕಲು ಕುಳಿತರೆ ಯಂತ್ರ ನಿರಾಕರಿಸಿತು. ಅಂಗಡಿಯವರನ್ನು ಕೇಳಿದಾಗ ಅದನ್ನು ತೆಗೆಯಲು 500 ರೂಪಾಯಿ ಆಗುತ್ತದೆಂದರು. ನಿಜವೆಂದರೆ ಎಸ್ ಮೋಡಿನಿಂದ ಹೊರಬರುವುದು ಉಚಿತ, ಮನೆಯಲ್ಲೇ ಕುಳಿತು ಮಾಡಬಹುದಾದದ್ದು. ಒಮ್ಮೆ ಹೊರಬಂದರೆ ಮರಳಿ ಹೋಗಲಾಗದು, ಅಷ್ಟೇ. ನಾವು ಮನೆಯಲ್ಲೇ ಮಾಡಿಕೊಂಡೆವು. ತಿಳಿಯದ ಎಷ್ಟು ಜನ 500 ರೂಪಾಯಿ ಎಣಿಸಿ ಕೊಟ್ಟಿರಬಹುದೆಂದು ಆಲೋಚಿಸಿ ಮನಸ್ಸು ಮುದುಡಿತು.

ಕನ್ನಡದಲ್ಲಿ ಎಷ್ಟು ಪುಟ ಬರೆದರೂ ಆ ಯಂತ್ರ ದಣಿಯಲಿಲ್ಲ. ಆದರೆ ಉರ್ದು ಕಲಿಯುವ ಮಕ್ಕಳಿಗಾಗಿ ನಸ್ತಾಲೀಖ್ ಲಿಪಿಯಲ್ಲಿ ನಲವತ್ತು ಪುಟದ ಪ್ರವೇಶಿಕೆಯೊಂದನ್ನು ಸಿದ್ಧಪಡಿಸುವಾಗ ಒಂದು ಪದ ಒತ್ತಿ ಪರದೆಯ ಮೇಲೆ ಅದು ಮೂಡುವುದನ್ನು ಕಾಯಬೇಕಾಯಿತು. ಪ್ರತಿ ಅಕ್ಷರವೂ ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುವ, ಓರೆಯಾಗಿ ಇಳಿಯುವ ಆ ಲಿಪಿ ಯಂತ್ರಕ್ಕೆ ಹೆಚ್ಚು ಕೆಲಸ ಕೊಡುತ್ತದೆ. ಅದನ್ನು ಹತ್ತತ್ತು ಪುಟದ ನಾಲ್ಕು ಕಡತಗಳಾಗಿ ಒಡೆದು ಮುಗಿಸಿದೆವು. ಅಗ್ಗದ ಯಂತ್ರದೊಡನೆ ಬಾಳಲು ಇಂತಹ ಉಪಾಯಗಳು ಬೇಕು.

ಚೀಲದ ತೂಕವೂ ನಮ್ಮ ಲೆಕ್ಕಕ್ಕೆ

2024ರ ಮಾರ್ಚಿನಲ್ಲಿ ಒಂದು ಸಂಜೆ ಬ್ಯಾಡಗಿಯಿಂದ ಆ ಹುಡುಗಿ ತಾಯಿಯೊಡನೆ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಬಗಲಲ್ಲಿ ಲ್ಯಾಪ್‌ಟಾಪ್, ಕಣ್ಣಲ್ಲಿ ನೀರು. ಕಾಲೇಜಿಗೆ ಪ್ರಾಜೆಕ್ಟ್ ವರದಿ ಒಪ್ಪಿಸಲು ಎರಡು ದಿನ ಉಳಿದಿತ್ತು. ಯಂತ್ರ ತಾನಾಗಿಯೇ ಅಪ್‌ಡೇಟ್ ಮಾಡಿಕೊಳ್ಳಲು ಹೊರಟು, ಜಾಗ ಸಾಲದೆ ನಡುವೆ ನಿಂತು, ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ವರದಿ ಅದರೊಳಗೆ ಸಿಕ್ಕಿಕೊಂಡಿತ್ತು.

ತೆರೆದು ನೋಡಿದೆವು. 64 ಜಿಬಿ ಎಂದು ಪೆಟ್ಟಿಗೆ ಹೇಳಿದರೂ ವಿಂಡೋಸ್ ತೋರಿಸುವುದು 58ರ ಆಸುಪಾಸು. ಲೆಕ್ಕ ಹಾಕುವ ಪದ್ಧತಿಯ ಅಂತರದಿಂದ ಸ್ವಲ್ಪ, ಯಂತ್ರ ತನ್ನ ರಕ್ಷಣೆಗೆ ಕಾದಿರಿಸಿದ ಜಾಗದಿಂದ ಸ್ವಲ್ಪ ಮೊದಲೇ ಕಳೆದಿರುತ್ತದೆ. ಉಳಿದುದರಲ್ಲಿ ವಿಂಡೋಸ್, ಅದರ ಹಳೆಯ ಅಪ್‌ಡೇಟುಗಳು ಮತ್ತು ಜೊತೆಯಲ್ಲೇ ಬಂದ ತಂತ್ರಾಂಶಗಳು ಸೇರಿ ಮೂರರಲ್ಲಿ ಎರಡು ಪಾಲನ್ನು ತುಂಬಿದ್ದವು. ಹುಡುಗಿಯದೆಂದು ಹೇಳಬಹುದಾದದ್ದು ಒಂದಷ್ಟು ಪಾಠದ ಕಡತಗಳು ಮತ್ತು ವಾಟ್ಸಾಪಿನ ಚಿತ್ರಗಳು ಮಾತ್ರ.

ಇದನ್ನು ಬಿಡಿಸಿ ಹೇಳಿದಾಗ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಭಾಯಿಜಾನ್, ನಮ್ಮೂರ ಪೇಟೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆದು ಲೆಕ್ಕ ಬರೆಯುತ್ತಾರೆ. ಇಲ್ಲಿ ಚೀಲದ ತೂಕವನ್ನೂ ನಮ್ಮ ಲೆಕ್ಕಕ್ಕೇ ಹಾಕಿದರೇ?"

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹೆಣ್ಣುಮಗಳು ಒಂದೇ ಮಾತಿನಲ್ಲಿ ಇಡೀ ವಿಷಯವನ್ನು ಹೇಳಿಬಿಟ್ಟಿದ್ದರು. ಅಂಗಡಿಯಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆಯಂತೆ: ಮಗಳ ಓದಿಗೆ ಇದು ಸಾಕಾಗುತ್ತದೆಯೇ? ಎಲ್ಲವೂ ನಡೆಯುತ್ತದೆ ಎಂಬುದೇ ದೊರೆತ ಉತ್ತರ.

ಆ ರಾತ್ರಿ ಒಂದು ಪೆನ್‌ಡ್ರೈವಿಗೆ ಅವಳ ಕಡತಗಳನ್ನೆಲ್ಲ ಸಾಗಿಸಿ, ಬೇಡದ ತಂತ್ರಾಂಶಗಳನ್ನು ತೆಗೆದು, ಹಳೆಯ ಅಪ್‌ಡೇಟುಗಳ ಕಸವನ್ನು ಗುಡಿಸಿ ಜಾಗ ಮಾಡಿದೆವು. ಫಜ್ರ್ ನಮಾಜಿನ ವೇಳೆಗೆ ಅಪ್‌ಡೇಟ್ ಮುಗಿದು ಯಂತ್ರ ಎಚ್ಚರಗೊಂಡಿತು. ವರದಿ ಸಕಾಲದಲ್ಲಿ ಕಾಲೇಜು ಸೇರಿತು, ಅಲ್‌ಹಮ್ದುಲಿಲ್ಲಾಹ್. ಈಗ ಅವಳು ತಿಂಗಳಿಗೊಮ್ಮೆ ತಾನೇ ಆ ಗುಡಿಸುವ ಕೆಲಸ ಮಾಡುತ್ತಾಳೆ, ಬರೆದದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ಇಡುತ್ತಾಳೆ, ಒಂದು ಪ್ರತಿಯನ್ನು ತನ್ನ ಇಮೇಲಿಗೆ ಕಳುಹಿಸಿಕೊಳ್ಳುತ್ತಾಳೆ. ಮೊದಲ ದಿನವೇ ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ ಆ ರಾತ್ರಿಯ ಕಣ್ಣೀರು ಬೇಕಿರಲಿಲ್ಲ.

ರಾಣೇಬೆನ್ನೂರಿನ ಹಳೆಯ ಯಂತ್ರದ ಕಥೆ ಬೇರೆ. ಅದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆ. ಗುಂಡಿ ಒತ್ತಿ ಬಿಸ್ಮಿಲ್ಲಾ ಹೇಳುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಹೊಸ ಅಗ್ಗದ ಯಂತ್ರಗಳೆರಡೂ ಅದರ ವೇಗಕ್ಕೆ ಸಾಟಿಯಲ್ಲ. ಬ್ಯಾಟರಿ ಒಂದೂವರೆ ತಾಸು ಮಾತ್ರ ಬರುತ್ತದೆ, ಪರದೆಯ ಮೂಲೆಯಲ್ಲೊಂದು ಬಿಳಿ ಚುಕ್ಕೆಯಿದೆ. ಇವೆರಡನ್ನೂ ಮಾರಿದವರು ತಾವಾಗಿಯೇ ತೋರಿಸಿ ಬೆಲೆ ಇಳಿಸಿದ್ದರು. ಹೇಳದೆ ಬಿಟ್ಟದ್ದು ಒಂದನ್ನು. ಅದರ ಪ್ರೊಸೆಸರ್ ಇಂಟೆಲ್‌ನ ಆರನೇ ತಲೆಮಾರಿನದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗಿನವನ್ನು. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು, ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ ಇನ್ನೊಂದು ವರ್ಷದ ವಿಸ್ತರಣೆ ಘೋಷಿಸಲಾಗಿತ್ತು. ಲೆಕ್ಕಪತ್ರದ ಯಂತ್ರಕ್ಕೆ ಇದು ಸಣ್ಣ ವಿಷಯವಲ್ಲ. ಬಾಡಿಗೆ ಮನೆ ತೋರಿಸುವಾಗ ಗೋಡೆಯ ಬಿರುಕನ್ನು ತೋರಿಸಿ, ಮುಂದಿನ ವರ್ಷ ಮನೆ ಕೆಡವುವರೆಂಬುದನ್ನು ಹೇಳದೆ ಬಿಟ್ಟಂತೆ.

ಬಿಟ್ಟದ್ದೇನೆಂದು ಹೇಳುವವರು ಯಾರು?

ಬಡವರ ಕೈಗೂ ಗಣಕಯಂತ್ರ ಸಿಗಬೇಕೆಂಬ ಕನಸಿಗೆ ನಮ್ಮ ನಾಡಿನಲ್ಲೇ ದೊಡ್ಡ ಇತಿಹಾಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎಂಜಿನಿಯರುಗಳು ಕೂಡಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಂತು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟ್ ತಂದಿತು. 2023ರಲ್ಲಿ 16,499 ರೂಪಾಯಿಗೆ ಜಿಯೋಬುಕ್ ಬಂದಿತು. ಈ ಪ್ರಯತ್ನಗಳಲ್ಲೆಲ್ಲ ಬೆಲೆ ಇಳಿದದ್ದು ಯಾವುದಾದರೊಂದನ್ನು ಬಿಟ್ಟುಕೊಟ್ಟೇ. ಸಿಂಪ್ಯೂಟರ್ ಕೀಲಿಮಣೆಯನ್ನು ಬಿಟ್ಟಿತು, ಆಕಾಶ್ ನಯವಾದ ಸ್ಪರ್ಶಪರದೆಯನ್ನು ಬಿಟ್ಟಿತು, ಜಿಯೋಬುಕ್ ವಿಂಡೋಸನ್ನು ಬಿಟ್ಟು ತನ್ನದೇ ವ್ಯವಸ್ಥೆಯನ್ನು ಇಟ್ಟುಕೊಂಡಿತು. ಇದರಲ್ಲಿ ಅಪರಾಧವೇನೂ ಇಲ್ಲ. ಎರಡು ಪದರದ ಕಂಬಳಿಯ ಬೆಲೆ ಕೊಡಲಾಗದವನಿಗೆ ಒಂದು ಪದರದ್ದು ಸಿಗುವುದು ಒಳ್ಳೆಯದೇ. ಆದರೆ ಅದು ಒಂದೇ ಪದರದ್ದೆಂದು ಕೊಳ್ಳುವವನಿಗೆ ಗೊತ್ತಿರಬೇಕು.

ಮದರಸಾಗಳಲ್ಲಿ ಫಿಕ್ಹ್ ಓದುವಾಗ ಕ್ರಯವಿಕ್ರಯದ ಅಧ್ಯಾಯದಲ್ಲಿ ನಾವು ಕಲಿತ ಎರಡು ನಿಯಮಗಳು ಇಲ್ಲಿ ನೆನಪಾಗುತ್ತವೆ. ಒಂದು, ಖಿಯಾರೆ ಐಬ್. ಮಾರುವವನ ಬಳಿ ಇದ್ದಾಗಲೇ ವಸ್ತುವಿನಲ್ಲಿದ್ದ, ಕೊಳ್ಳುವವನಿಗೆ ತಿಳಿಸದ ದೋಷವೊಂದು ನಂತರ ಹೊರಬಿದ್ದರೆ, ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ವರ್ತಕರ ರೂಢಿಯಲ್ಲಿ ಯಾವುದು ಬೆಲೆಯನ್ನು ಇಳಿಸುತ್ತದೋ ಅದೆಲ್ಲ ದೋಷವೇ ಎಂಬುದು ಹನಫಿ ಫಿಕ್ಹಿನ ವ್ಯಾಖ್ಯೆ. ಎರಡು, ಖಿಯಾರೆ ರುಯತ್. ನೋಡದೆ ಕೊಂಡ ವಸ್ತುವನ್ನು ಕಣ್ಣಾರೆ ಕಂಡ ಬಳಿಕ, ದೋಷವಿಲ್ಲದಿದ್ದರೂ, ಬೇಡವೆನ್ನುವ ಹಕ್ಕು. ಅಂತರ್ಜಾಲದಲ್ಲಿ ಚಿತ್ರ ನೋಡಿ ಕೊಳ್ಳುವ ಈ ಕಾಲಕ್ಕಾಗಿಯೇ ಬರೆದಂತಿರುವ ಈ ನಿಯಮವನ್ನು ನಮ್ಮ ಫಕೀಹರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ್ದರು.

ಇಮಾಮ್ ಅಬೂ ಹನೀಫಾ(ರಹ್ಮತುಲ್ಲಾಹಿ ಅಲೈಹಿ)ರವರು ಸ್ವತಃ ಕೂಫಾದ ಬಟ್ಟೆ ವ್ಯಾಪಾರಿ. ದೋಷವಿದ್ದ ಬಟ್ಟೆಯೊಂದನ್ನು ತೋರಿಸಿ, ಮಾರುವಾಗ ಇದನ್ನು ಹೇಳಿಯೇ ಮಾರಬೇಕೆಂದು ಪಾಲುದಾರರಿಗೆ ತಾಕೀತು ಮಾಡಿದ್ದರು. ಪಾಲುದಾರರು ಮರೆತು ಮಾರಿಬಿಟ್ಟರು, ಕೊಂಡವನು ಯಾರೆಂದೂ ತಿಳಿಯಲಿಲ್ಲ. ಆ ಮಾಲಿನಿಂದ ಬಂದ ಹಣವನ್ನೆಲ್ಲ ಇಮಾಮರು ದಾನ ಮಾಡಿದರೆಂದು ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ. ನಮ್ಮ ಮಕ್ಕಳಿಗೆ ಇಮಾಮರ ನಮಾಜು, ಇಲ್ಮುಗಳ ಕಥೆ ಹೇಳುತ್ತೇವೆ. ಅವರ ಅಂಗಡಿಯ ಕಥೆಯನ್ನೂ ಹೇಳಬೇಕು.

ಇಷ್ಟಾಗಿಯೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. 4 ಜಿಬಿ, 64 ಜಿಬಿ ಎಂಬುದು ಪೆಟ್ಟಿಗೆಯ ಮೇಲೆ ಬರೆದೇ ಇರುತ್ತದೆ. ಕಂಪನಿ ಬಚ್ಚಿಟ್ಟಿಲ್ಲವೆಂದು ಯಾರಾದರೂ ವಾದಿಸಿದರೆ ಅದೂ ನಿಜ. ಆದರೆ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಹಣ ಕೂಡಿಸಿದ ತಾಯಿಗೆ ಆ ಅಕ್ಷರಗಳು ಯಾವ ಸಂಗತಿಯನ್ನೂ ತಿಳಿಸುವುದಿಲ್ಲ. ಕೊಳ್ಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಬರೆದ ಸತ್ಯ ರಾಶಿಯ ಅಡಿಯಲ್ಲಿರುವ ತೇವದಂತೆ. ಅದನ್ನು ಮೇಲಕ್ಕೆ ತಂದು ತೋರಿಸುವ ಹೊಣೆ ಬಲ್ಲವರದು. ಅಂಗಡಿಯವರು ಬಲ್ಲವರಾದರೆ ಅವರದು, ಬಳಸಿದ ನಾವು ಬಲ್ಲವರಾದರೆ ನಮ್ಮದು. ಸಾಕ್ಷ್ಯವನ್ನು ಬಚ್ಚಿಡಬಾರದೆಂಬ ಕುರ್‌ಆನಿನ ಆದೇಶ ಸಾಲದ ವ್ಯವಹಾರದ ಸಂದರ್ಭದಲ್ಲಿ ಬಂದಿರುವುದು ಆಲೋಚನೀಯ.

ಒಂದು ಹಾಳೆಯ ಬೆಲೆ

ಶಾಲೆಯ ಕೆಲಸ ಹೆಚ್ಚಿದ್ದರಿಂದ ಕಳೆದ ಚಳಿಗಾಲದಲ್ಲಿ ನಾವು ಬೇರೊಂದು ಯಂತ್ರ ಕೊಂಡು, ಹಳೆಯದನ್ನು ಮಾರಲು ನಿಶ್ಚಯಿಸಿದೆವು. ಪರಿಚಯದ ಅಂಗಡಿಯೊಂದರಲ್ಲಿ ಅದನ್ನು ಇಟ್ಟಾಗ, ಒರೆಸಿ ಹೊಳೆಯುವಂತೆ ಮಾಡಿದರೆ 7,000 ರೂಪಾಯಿ ಬರುತ್ತದೆಂದು ಅಂಗಡಿಯವರು ಹೇಳಿದರು. ರಾಣೇಬೆನ್ನೂರಿನ ಕಡೆಯ ಗೃಹಸ್ಥರೊಬ್ಬರು ಪಿಯುಸಿ ಓದುವ ಮಗನಿಗಾಗಿ ನೋಡಲು ಬಂದರು. ನಾವು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆವು: ಬ್ಯಾಟರಿ ಈಗ ಒಂದು ತಾಸು ಇಪ್ಪತ್ತು ನಿಮಿಷ ಬರುತ್ತದೆ. ಎಡಗಡೆಯ ಕೀಲು ಸಡಿಲವಾಗಿದೆ, ಮುಚ್ಚಳವನ್ನು ನಡುವೆ ಹಿಡಿದೇ ತೆರೆಯಬೇಕು. ಒಂದು ಯುಎಸ್‌ಬಿ ಕಿಂಡಿ ಕೆಲಸ ಮಾಡುವುದಿಲ್ಲ. ಸ್ಟೋರೇಜ್ 64 ಜಿಬಿ, ಹೆಚ್ಚಿಸಲಾಗದು. ವಿಂಡೋಸ್ ತೆಗೆದು ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿದ್ದೇವೆ, ಬರೆಯಲು ಲಿಬ್ರೆ ಆಫೀಸ್ ಇದೆ, ಹಗುರವಾಗಿ ನಡೆಯುತ್ತದೆ. ಆದರೆ ವಿಂಡೋಸಿಗೆಂದೇ ಮಾಡಿದ ತಂತ್ರಾಂಶಗಳು ಇದರಲ್ಲಿ ನಡೆಯುವುದಿಲ್ಲ. ಓದಲು, ಬರೆಯಲು, ಪಾಠದ ವಿಡಿಯೋ ನೋಡಲು ಸಾಕು. ಒಟ್ಟೊಟ್ಟಿಗೆ ಹತ್ತು ಪುಟ ತೆರೆದರೆ ನಿಲ್ಲುತ್ತದೆ.

ಅಂಗಡಿಯವರು ಹಾಳೆಯನ್ನು ಓದಿ ನಕ್ಕರು. "ಹಿಂಗ ಬರ್ದು ಕೊಟ್ರ ವ್ಯಾಪಾರ ಹೆಂಗ ಆಗತೈತ್ರೀ ಗುರುಗಳ?" ಎಂದರು.

ವ್ಯಾಪಾರ ಆಯಿತು, 4,500 ರೂಪಾಯಿಗೆ. ಆ ಗೃಹಸ್ಥರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತ, "ಇದು ಇರ್ಲಿ ಸರ್ರ, ನಾ ಮುಂದ ಯಾರಿಗರ ಕೊಡೂ ಮುಂದ ಬೇಕಾಗತೈತಿ" ಎಂದರು. ನಮ್ಮ ಕೈಬಿಟ್ಟ 2,500 ರೂಪಾಯಿ ಸಣ್ಣ ಮೊತ್ತವಲ್ಲ. ನಮ್ಮ ಮನೆಯವರು ಅದನ್ನು ಒಂದು ತಿಂಗಳ ದಿನಸಿಯ ಲೆಕ್ಕದಲ್ಲಿ ಅಳೆದು ನಿಟ್ಟುಸಿರಿಟ್ಟರು, ಆಮೇಲೆ ಒಳ್ಳೆಯದೇ ಆಯಿತೆಂದರು. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ದೋಷಗಳನ್ನು ಬಿಚ್ಚಿಟ್ಟರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಸುಳ್ಳಾಡಿ ಮುಚ್ಚಿಟ್ಟರೆ ಬರಕತ್ ಅಳಿಸಿಹೋಗುತ್ತದೆ ಎಂಬ ಭಾವದ ಪ್ರವಾದಿ ವಚನವನ್ನು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಆ ಹುಡುಗ ಆ ಯಂತ್ರದಲ್ಲಿ ಓದುತ್ತಿದ್ದಾನೆ, ಅದರಿಂದ ಏನನ್ನು ನಿರೀಕ್ಷಿಸಬೇಕೆಂದು ಅವನಿಗೆ ಗೊತ್ತಿದೆ. ನಮ್ಮ ಪಾಲಿನ ಬರಕತ್ ಅದೇ ಎಂದು ತಿಳಿದಿದ್ದೇವೆ.

ಕೊಳ್ಳಲಿರುವ ಕುಟುಂಬಗಳಿಗೆ

ಮೊದಲು ಕೆಲಸವನ್ನು ನಿರ್ಧರಿಸಿ, ನಂತರ ಯಂತ್ರವನ್ನು. ಬರವಣಿಗೆ, ಅರ್ಜಿ, ವಿಡಿಯೋ ಪಾಠ ಇಷ್ಟೇ ಆದರೆ ಅಗ್ಗದ ಲ್ಯಾಪ್‌ಟಾಪ್ ಸಾಕು. ಲೆಕ್ಕಪತ್ರ, ಪ್ರೋಗ್ರಾಮಿಂಗ್, ಚಿತ್ರ ಅಥವಾ ವಿಡಿಯೋ ಕೆಲಸವಾದರೆ 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿಗಿಂತ ಕಡಿಮೆ ಬೇಡ. ಅದಕ್ಕೆ ಹಣ ಸಾಲದಿದ್ದರೆ ಒಂದು ಹಂಗಾಮು ಕಾಯುವುದು, ಇಲ್ಲವೇ ಎಂಟನೇ ತಲೆಮಾರಿನ ನಂತರದ, ದುರಸ್ತಿ ಮಾಡಿದ ಯಂತ್ರವನ್ನು ನೋಡುವುದು ಲೇಸು. ರ‍್ಯಾಮ್ ಹೆಚ್ಚಿಸಬಹುದೇ, ಸ್ಟೋರೇಜ್ ಬದಲಿಸಬಹುದೇ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಿ. ಜೊತೆಯಲ್ಲಿರುವ ಆಫೀಸ್ ತಂತ್ರಾಂಶ ಶಾಶ್ವತವೋ ತಿಂಗಳೊಪ್ಪತ್ತಿನ ಪರೀಕ್ಷಾರ್ಥವೋ ಎಂದೂ ಕೇಳಿ. ಕೆಟ್ಟರೆ ದುರಸ್ತಿಗೆ ಮನೆಗೆ ಬರುತ್ತಾರೋ, ನಾವೇ ಹುಬ್ಬಳ್ಳಿಗೆ ಹೊತ್ತೊಯ್ಯಬೇಕೋ ತಿಳಿದುಕೊಳ್ಳಿ. ಎರಡು ಸಲ ಹೋಗಿ ಬಂದರೆ ಒಂದು ದಿನಕ್ಕೆ ಬದಲು ಎರಡು ದಿನದ ಕೂಲಿ ಹೋಗುತ್ತದೆ.

ಜಿಎಸ್‌ಟಿ ಬಿಲ್ಲಿಲ್ಲದೆ ಕೊಳ್ಳಬೇಡಿ. ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇವೆಂಬ ಮಾತಿಗೆ ಒಪ್ಪಿದರೆ ತೆರಿಗೆಯ ಅಮಾನತೂ ಹೋಯಿತು, ವಾರಂಟಿಯೂ ಹೋಯಿತು. ವಸ್ತುವಿನ ಗುಣಮಟ್ಟದ ಬಗ್ಗೆ ತಿಳಿಯುವುದು ಗ್ರಾಹಕನ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮೋಸವಾದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ.

ಕೊನೆಯದಾಗಿ, ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಪ್ರತಿ ಮೊಹಲ್ಲಾದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಲ್ಯಾಪ್‌ಟಾಪ್, ಹೊಲಿಗೆ ಯಂತ್ರ, ಸ್ಕೂಟರ್, ಏನೇ ಕೊಂಡವರು ಆರು ತಿಂಗಳ ನಂತರ ಅದರ ಗುಣವನ್ನೂ ದೋಷವನ್ನೂ ನಾಲ್ಕು ಸಾಲಿನಲ್ಲಿ, ತಮಗೆ ಬರುವ ಭಾಷೆಯಲ್ಲಿ ಬರೆಯಲಿ. ಕೋಪದಿಂದ ಬರೆಯುವುದು ಬೇಡ, ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ಮುಂದೆ ಕೊಳ್ಳಲು ಹೊರಟ ತಾಯಿಯೊಬ್ಬಳಿಗೆ, ಮುಚ್ಚಿದ ಚೀಲದೊಳಗೆ ಇಳಿಯುವ ಕೈಯಾಗಿ ಆ ನಾಲ್ಕು ಸಾಲು ಒದಗಲಿ.

ನಮ್ಮ ದುಡಿಮೆಯಲ್ಲಿ ಹಲಾಲನ್ನೂ, ನಮ್ಮ ಕೊಡುಕೊಳ್ಳುವಿಕೆಯಲ್ಲಿ ಸತ್ಯವನ್ನೂ, ನಮ್ಮ ಮಕ್ಕಳ ಇಲ್ಮಿನಲ್ಲಿ ಬರಕತ್ತನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.